ಕುಬ್ಜರ ಸೈನ್ಯಕ್ಕೆ ನಾನು ಮಾಡಿದ ಉಪಕಾರ

ಗೊಂಬೆಗೆ ಬಣ್ಣ ಹಚ್ಚುವ ವಿಷಯದಲ್ಲಿ ಇಡೀ ಬೆಳ್ಮಣ್ಣು ಊರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ಕಾಲದಿಂದ ನಂಬಿದ್ದೆ. ಕ್ರಿಸ್ಮಸ್ಸಿಗೆ ನಮ್ಮ ಇಗರ್ಜಿಯ ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ನಿಲ್ಲುವ ಕುರುಬರು, ಮೂವರು ರಾಜರು, ಒಂಟೆ, ಕತ್ತೆ ಎಲ್ಲರೂ ಪ್ರತಿ ವರ್ಷ ನನ್ನ ಕೈಯಿಂದಲೇ ಬಣ್ಣ ಹಚ್ಚಿಸಿಕೊಳ್ಳುವವರು. ಕತ್ತೆಯ ಮುಖದಲ್ಲಿ ಭಕ್ತಿ ಕಾಣುತ್ತದೆ ಎಂದು ಪಾದ್ರಿಗಳೇ ಒಮ್ಮೆ ಹೇಳಿಬಿಟ್ಟರು. ಅಂದು ತಿರುಗಿದ ನನ್ನ ತಲೆ ಬಹಳ ದಿನ ನೆಟ್ಟಗಾಗಲಿಲ್ಲ.

ಮಣಿಪಾಲದ ಹಾಸ್ಟೆಲಿನಲ್ಲಿದ್ದು ಓದುವ ಮಗಳು ರೀಮಾ ಒಂದು ದಿನ ಮನೆಗೆ ಬಂದು ನನ್ನ ಮುಂದೆ ಪೆಟ್ಟಿಗೆಯೊಂದನ್ನು ಇಟ್ಟಳು. ಅದರ ತುಂಬ ಪ್ಲಾಸ್ಟಿಕ್ ಕುಬ್ಜರು, ಬಿಡಿಬಿಡಿಯಾಗಿ: ಕೈ, ಕಾಲು, ತಲೆ, ಕೊಡಲಿ. ಜೋಡಿಸಿದರೆ ಒಬ್ಬೊಬ್ಬನೂ ಹೆಬ್ಬೆರಳಿನಷ್ಟು ಎತ್ತರ. ಬಣ್ಣ ಹಚ್ಚಿ, ಮೇಜಿನ ಮೇಲೆ ನಿಲ್ಲಿಸಿ, ದಾಳ ಹಾಕಿ ಯುದ್ಧ ಆಡುತ್ತಾರಂತೆ. ಮುಂದಿನ ಭಾನುವಾರ ಮಣಿಪಾಲದಲ್ಲಿ ಪಂದ್ಯ.

"ಡ್ಯಾಡಿ, ನನಗೆ ಪರೀಕ್ಷೆ ಉಂಟು. ನೀವು ಬರೀ ಅಂಟಿಸಿ ಇಡಿ, ಸಾಕು. ಬಣ್ಣ ಶನಿವಾರ ನಾನೇ ಬಂದು ಹಚ್ಚುತ್ತೇನೆ," ಎಂದಳು.

ಹಾಸ್ಟೆಲ್ ಸೇರಿದ ಮೇಲೆ ಅವಳು ನನ್ನಿಂದ ಕೇಳಿದ ಮೊದಲ ಸಹಾಯ ಇದು. ಗೆಳೆಯರ ಜೊತೆ ಇರುವಾಗ ನಾನು ಎದುರಾದರೆ ಮೊಬೈಲ್ ನೋಡಲು ಶುರುಮಾಡುವ ಹುಡುಗಿ. ಅವರೆಲ್ಲರ ಮುಂದೆ ಒಮ್ಮೆಯಾದರೂ ಅವಳು ಇದು ನನ್ನ ಡ್ಯಾಡಿ ಮಾಡಿದ್ದು ಎನ್ನಬೇಕು ಎಂಬುದು ನನ್ನ ಆಸೆ. ಬರೀ ಅಂಟಿಸಿದವನನ್ನು ಯಾರು ಹೊಗಳುತ್ತಾರೆ? ಬಣ್ಣವನ್ನೂ ನಾನೇ ಹಚ್ಚಿಬಿಡುವುದೆಂದು ಸರ್ವಾನುಮತದಿಂದ ತೀರ್ಮಾನಿಸಿದೆ. ಸಭೆಯಲ್ಲಿ ಹಾಜರಿದ್ದವನು ನಾನೊಬ್ಬನೇ!

ಪೆಟ್ಟಿಗೆಯ ಮುಚ್ಚಳದ ಮೇಲೆ ಚಿತ್ರವಿತ್ತು. ನನ್ನಂಥ ಅನುಭವಿಗೆ ಚಿತ್ರವೇಕೆ? ಮುಚ್ಚಳವನ್ನು ಮಗುಚಿ ಹಾಕಿ ಬಣ್ಣದ ಡಬ್ಬಿಗಳನ್ನು ಅದರೊಳಗೆ ಇಟ್ಟುಕೊಂಡೆ.

ಮೊದಲ ಕುಬ್ಜನ ಕಾಲು ಅವನ ಸೊಂಟಕ್ಕೆ ಅಂಟುವ ಬದಲು ನನ್ನ ಹೆಬ್ಬೆರಳಿಗೆ ಅಂಟಿತು. ಎಳೆದರೂ ಬರಲಿಲ್ಲ. ಹೆಂಡತಿ ಜೆಸಿಂತಾ ಬಾಗಿಲಲ್ಲಿ ನಿಂತು ನೋಡಿದಳು.

"ಒಳ್ಳೆದಾಯ್ತು. ನಿಮ್ಮನ್ನು ಬಿಟ್ಟು ಹೋಗದವನು ಒಬ್ಬನಾದರೂ ಸಿಕ್ಕಿದ ಅಲ್ವಾ!" ಎಂದಳು.

ಆ ಮಾತು ನನಗೆ ಸರಿಯಾಗಿಯೇ ನಾಟಿತು. ಆದರೂ ಹೆಬ್ಬೆರಳನ್ನು ಬಿಸಿನೀರಿನಲ್ಲಿ ಅದ್ದಿ ಕಾಲನ್ನು ಬಿಡಿಸಿಕೊಂಡು ಕೆಲಸ ಮುಂದುವರಿಸಿದೆ. ಒಬ್ಬೊಬ್ಬನಿಗೆ ಒಂದೊಂದರಂತೆ ಜಡೆಗಳೂ ಇದ್ದವು. ಚೆನ್ನಾಗಿ ಹೆಣೆದ ದಪ್ಪ ಜಡೆಗಳು. ಜಡೆ ಇರಬೇಕಾದದ್ದು ಎಲ್ಲಿ? ತಲೆಯ ಹಿಂದೆ. ಎಲ್ಲವನ್ನೂ ಅಲ್ಲಿಯೇ ಅಂಟಿಸಿದೆ. ಆಮೇಲೆ ಗೋದಲಿಯ ಕ್ರಮದಲ್ಲೇ ಇನಾಮೆಲ್ ಪೇಂಟ್: ಅಂಗಿಗೆ ಆಕಾಶನೀಲಿ, ಕೆನ್ನೆಗೆ ಗುಲಾಬಿ. ನನ್ನ ಬ್ರಷ್ ಮೊಣಕೈ ಎತ್ತರದ ಕುರುಬರಿಗೆ ಆಗುವಂಥದ್ದು. ಒಂದು ಸಲ ಎಳೆದರೆ ಕುಬ್ಜನ ಕಣ್ಣು, ಮೂಗು, ಬಾಯಿ ಎಲ್ಲವೂ ಮುಚ್ಚಿ ಗುಲಾಬಿ ಕೆನ್ನೆ ಮಾತ್ರ ಉಳಿಯುತ್ತಿತ್ತು.

ಪಕ್ಕದ ಮನೆಯ ಶೇಖರಣ್ಣ ಬಂದು ಸೈನ್ಯವನ್ನು ಪರಿಶೀಲಿಸಿದರು.

"ಎಂತ ಮಾರಾಯ್ರೆ, ಇದು ಹೆಣ್ಣು ಮಕ್ಕಳ ಶಾಲೆಯ ಪರೇಡಾ? ಕೈಯಲ್ಲಿ ಕೊಡಲಿ ಯಾಕೆ?"

ಡಬ್ಬಿಗಳನ್ನು ಬದಿಗಿಟ್ಟು ಮುಚ್ಚಳ ತಿರುಗಿಸಿದೆ. ಚಿತ್ರದಲ್ಲಿ ಉಗ್ರರೂಪದ ಕುಬ್ಜನೊಬ್ಬ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಜಡೆ ಅವನ ಗಲ್ಲದ ಕೆಳಗೆ ತೂಗುತ್ತಿತ್ತು. ಅದು ಗಡ್ಡ! ಗಡ್ಡಕ್ಕೆ ಜಡೆ ಹೆಣೆಯುವ ಜನ ಲೋಕದಲ್ಲಿ ಇದ್ದಾರೆಂದು ನನಗೇನು ಗೊತ್ತು?

ಆದರೆ ನಾನು ಧೃತಿಗೆಡುವವನಲ್ಲ. ಗೋದಲಿಯ ಗೊಂಬೆಗೆ ಬಣ್ಣ ಕೆಟ್ಟರೆ ಥಿನ್ನರಿನಲ್ಲಿ ತೊಳೆದರಾಯಿತು, ಹೊಸದರಂತೆ ಆಗುತ್ತದೆ. ಬಣ್ಣವೂ ಬಿಡುತ್ತದೆ, ಅಂಟೂ ಬಿಡುತ್ತದೆ. ಹಳೆಯ ಉಪ್ಪಿನಕಾಯಿ ಬಾಟಲಿಗೆ ಥಿನ್ನರ್ ಸುರಿದು, ಇಡೀ ಸೈನ್ಯವನ್ನು ಮುಳುಗಿಸಿ ಚಾ ಕುಡಿಯಲು ಹೋದೆ. ಕುರುಬರು ಪ್ಲಾಸ್ಟರಿನವರು, ಕುಬ್ಜರು ಪ್ಲಾಸ್ಟಿಕ್ಕಿನವರು ಎಂಬ ಸಣ್ಣ ಸಂಗತಿ ಚಾ ಮುಗಿಯುವವರೆಗೂ ಹೊಳೆಯಲಿಲ್ಲ.

ಬಂದು ನೋಡಿದರೆ ಸೈನ್ಯ ಗಂಜಿಯಾಗಿತ್ತು! ಕಡ್ಡಿಯಿಂದ ಒಬ್ಬೊಬ್ಬರನ್ನೇ ಎತ್ತಿ ಪೇಪರಿನ ಮೇಲೆ ಮಲಗಿಸಿದೆ. ಒಬ್ಬನ ಮುಖ ಎದೆಗೆ ಇಳಿದಿತ್ತು, ಇನ್ನೊಬ್ಬನ ಕೈ ಮಂಡಿಯವರೆಗೆ ಜೋತುಬಿದ್ದಿತ್ತು.

ಶನಿವಾರ ಬಂದ ರೀಮಾ ಒಬ್ಬನನ್ನು ಎತ್ತಿ ತಿರುಗಿಸಿ ನೋಡಿದಳು. "ಬರೀ ಅಂಟಿಸಿ ಅಂತ ಹೇಳಿದ್ದೆ ಅಲ್ವಾ ಡ್ಯಾಡಿ?" ಎಂದಳು. ಅಷ್ಟೇ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗಬಹುದಿತ್ತು. ಅವಳು ಆ ಮುದ್ದೆಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಜೆಸಿಂತಾ ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಭಾನುವಾರ ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋದೆ. ಯಾರೂ ಕರೆದಿರಲಿಲ್ಲ. ಪಂದ್ಯ ನಡೆಯುತ್ತಿದ್ದ ಸಭಾಂಗಣದ ಮೂಲೆಯಲ್ಲಿ ಕುರ್ಚಿ ಹಿಡಿದು ಕುಳಿತೆ. ರೀಮಾ ಗೆಳತಿಯ ಸೈನ್ಯವನ್ನು ಎರವಲು ಪಡೆದು ಆಡುತ್ತಿದ್ದಳು. ನನ್ನ ಕುಬ್ಜರನ್ನು ರಣರಂಗದ ತುಂಬ ಹೆಣಗಳನ್ನಾಗಿ ಮಲಗಿಸಿದ್ದಳು.

ಕನ್ನಡಕದ ಹುಡುಗಿಯೊಬ್ಬಳು ಬಗ್ಗಿ ನೋಡಿ ಕೂಗಿಕೊಂಡಳು: "ಎಂತ ಹೆಣ ಮಾರಾಯ್ತಿ! ಬೆಂಕಿಯಲ್ಲಿ ಬೆಂದ ಹಾಗೆಯೇ ಉಂಟು. ಯಾರು ಮಾಡಿದ್ದು?"

ಜನ ಸೇರಿದರು. ಫೋಟೋ ತೆಗೆದರು. ನಾನು ಕುರ್ಚಿಯಿಂದ ಅರ್ಧ ಎದ್ದು ಕಾಲರ್ ಸರಿಮಾಡಿಕೊಂಡೆ. ವಿನಯದ ನಗೆಯನ್ನೂ ತಂದುಕೊಂಡೆ.

ರೀಮಾ ಒಮ್ಮೆ ನನ್ನತ್ತ ನೋಡಿದಳು.

"ಯಾರೂ ಮಾಡಿದ್ದಲ್ಲ. ಬಿಸಿಲಲ್ಲಿ ಇಟ್ಟಿದ್ದೆ, ಕರಗಿಹೋಯ್ತು," ಎಂದಳು.

ಕೀರ್ತಿಯೆಲ್ಲ ಸೂರ್ಯನ ಪಾಲಾಯಿತು! ಅರ್ಧ ಎದ್ದವನು ಮತ್ತೆ ಕೂರುವುದು ಹೇಗೆ? ಟಾಯ್ಲೆಟ್ ಎಲ್ಲಿದೆ ಎಂದು ಆ ಕನ್ನಡಕದ ಹುಡುಗಿಯನ್ನೇ ಕೇಳಿದೆ.

"ಎಡಕ್ಕೆ ಹೋಗಿ ಅಂಕಲ್," ಎಂದಳು.

ಹೋದೆ.