ಮುಗಿದ ಕೈಯನ್ನೇ ಉತ್ತರವೆಂದು ತಿಳಿಯತಕ್ಕ ಬಗ್ಗೆ

ಕನ್ನಡ ನೇಕಾರರ ಟ್ರಸ್ಟಿನ ಕಾಲೇಜು ಗ್ರಂಥಾಲಯ, ಸಿಂಗಾನಲ್ಲೂರು, ತಮಿಳುನಾಡು
ಸಂಖ್ಯೆ: ಗ್ರಂ/ಫೇಸ್‌ಬುಕ್/ಕೈಮುಗಿ/14

ವಿಷಯ: ಗ್ರಂಥಾಲಯದ ಫೇಸ್‌ಬುಕ್ ಪುಟದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿರುವ ಅಶಿಸ್ತಿನ ಕುರಿತು.

ಪತ್ರಿಕೆಗಳ ಕಪಾಟಿನ ಧೂಳು ಹೊಡೆಯುತ್ತ, ಅರ್ಧ ಕಪಾಟು ಬಾಕಿ ಇರುವಾಗಲೇ, ಸಹಾಯಕಿ ಶ್ರೀಮತಿ ಮಲ್ಲಿಗಾ ಅವರು ಒದ್ದೆ ಬಟ್ಟೆಯನ್ನು ಹೆಗಲಿಗೆಸೆದು, ಮೊಬೈಲು ತೆಗೆದು, ಭೂಮಿ ಎಂಬ ವಿದ್ಯಾರ್ಥಿನಿಗೆ ಸದರಿ ಪುಟದಲ್ಲಿ, "ಕೈ ಮುಗಿದ್ರೆ ಲೆಟರ್ ಆಗೋಯ್ತಾ ಕಣ್ಣು? ನೀ ಸೀಕ್ರಂ ಬಾ, ನಾನು ಕೇಳಿ ವಾಂಗಿ ಕೊಡ್ತೀನಿ" ಎಂದು, ಅಂದರೆ ಬೇಗ ಬಂದಲ್ಲಿ ಪತ್ರವನ್ನು ತಾವೇ ಇಸಿದುಕೊಡುವುದಾಗಿ, ಬರೆದಿರುವುದು ಗಮನಕ್ಕೆ ಬಂದಿದೆ. ಪುಟ ತೆರೆದಂದಿನಿಂದ ಯಾರೂ ಯಾರಿಗೂ ಉತ್ತರ ಕೊಟ್ಟ ನಿದರ್ಶನವಿಲ್ಲದ ಕಾರಣ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಸದರಿ ಪುಟವು ಗ್ರಂಥಪಾಲಕರಾದ ಶ್ರೀ ರಾಮಲಿಂಗಂ ಅವರಿಗೆ ಪೊನ್ನಾಡೆ, ಅಂದರೆ ಸನ್ಮಾನದ ಶಾಲು, ಹೊದಿಸಿದ, ಹೊದಿಸುತ್ತಿರುವ ಹಾಗೂ ಹೊದಿಸಲಿರುವ ಚಿತ್ರಗಳಿಗೆ ಮೀಸಲು. ಪುಸ್ತಕದ ಚಿತ್ರ ಹಾಕಲೇಬೇಕಾದಲ್ಲಿ, ಮೊದಲು ಆ ಪುಸ್ತಕಕ್ಕೂ ಶಾಲು ಹೊದಿಸತಕ್ಕದ್ದು.

2. ಈ ಚಿತ್ರಗಳಿಗೆ ಕಾಯಂ ನೌಕರರು ಹೃದಯವನ್ನೂ, ಗುತ್ತಿಗೆ ನೌಕರರು ಹೆಬ್ಬೆರಳನ್ನೂ ಒತ್ತತಕ್ಕದ್ದು. ಗುತ್ತಿಗೆಯವರಿಗೆ ಹೃದಯ ಮಂಜೂರಾಗಿರುವುದಿಲ್ಲ. ಮೊಬೈಲಿಲ್ಲದ ಜವಾನ ಚೆನ್ನಿಯಪ್ಪನ್ ಅವರ ಹೃದಯವನ್ನು, ಅವರ ಲಿಖಿತ ಕೋರಿಕೆಯ ಮೇರೆಗೆ, ಗುಮಾಸ್ತೆ ಕಲಾ ಅವರು ಒತ್ತತಕ್ಕದ್ದು.

3. ಪುಟದಲ್ಲಿ ಏನೇ ಕೇಳಲಿ, ಮುಗಿದ ಕೈಯ ಚಿತ್ರವೊಂದೇ ಉತ್ತರ. ಭಾನುವಾರ ಬಾಗಿಲು ತೆರೆದಿರುತ್ತದೆಯೇ ಎಂದರೂ ಅದೇ. ಗ್ರಂಥಾಲಯಕ್ಕೆ ಬೆಂಕಿ ಬಿದ್ದಿದೆ ಎಂದರೂ ಅದೇ.

4. ಹಳೆಯ ಸೀರೆ ಅಂಚುಗಳ ಬಗ್ಗೆ ಪ್ರಬಂಧ ಬರೆಯುತ್ತಿರುವ ಸದರಿ ಭೂಮಿ, ವೆಳ್ಳಕೋಯಿಲ್‌ನ ನೇಯ್ಗೆ ಸಂಗ್ರಹಾಲಯದಲ್ಲಿ ಮಾದರಿ ನೋಡಲು ಪರಿಚಯ ಪತ್ರ ಬೇಕೆಂದು ಪುಟದಲ್ಲಿ ಕೇಳಿದ್ದು, ಬಂದ ಮುಗಿದ ಕೈಯನ್ನೇ ಅನುಮತಿಯೆಂದು ತಿಳಿದು ಬಸ್ಸು ಹತ್ತಿದ್ದಾರೆ. ಅಲ್ಲಿ ಮೊಬೈಲು ತೋರಿಸಿದಾಗ ಕಾವಲುಗಾರ ಕರುಪ್ಪುಸಾಮಿ ತಾವೂ ಕೈ ಮುಗಿದು, "ಇದು ನಂಗೂ ಬರುತ್ತಮ್ಮಾ, ಲೆಟರ್ ಎಲ್ಲಿ?" ಎಂದು ಗೇಟು ಹಾಕಿದ್ದಾರೆ. ಈ ಶನಿವಾರದ ನಂತರ ಆ ಸಂಗ್ರಹಾಲಯ ದುರಸ್ತಿಗೆಂದು ವರ್ಷಪೂರ್ತಿ ಮುಚ್ಚಲಿದ್ದು, ಹಾಗಾದಲ್ಲಿ ಪ್ರಬಂಧವೂ ನಿಲ್ಲುತ್ತದೆಂಬ ವಿದ್ಯಾರ್ಥಿನಿಯ ಅಳಲಿಗೆ ಪುಟವು ನಿಯಮಾನುಸಾರ ಮತ್ತೊಮ್ಮೆ ಕೈ ಮುಗಿದಿದೆ.

5. ಪತ್ರ ಸಿದ್ಧವಿಲ್ಲವೆಂಬ ಆರೋಪ ನಿರಾಧಾರ. ಪತ್ರಕ್ಕೆ ಸಹಿಯೂ ಮೊಹರೂ ಬಿದ್ದು ತಿಂಗಳುಗಳೇ ಆಗಿವೆ. ಪತ್ರ ಹಸ್ತಾಂತರದ ಚಿತ್ರ ಪುಟಕ್ಕೆ ಬೇಕಾಗಿದ್ದು, ಗ್ರಂಥಾಲಯದ ಏಕೈಕ ಪೊನ್ನಾಡೆ ಲಾಂಡ್ರಿಯಿಂದ ಬಾರದ ಕಾರಣ ತಡೆಹಿಡಿಯಲಾಗಿದೆ, ಅಷ್ಟೇ. ಶಾಲು ಬರುವವರೆಗೆ ಯಾರೂ ಪತ್ರವನ್ನು ವಿದ್ಯಾರ್ಥಿನಿಯ ಕೈಗೆ ಕೊಡತಕ್ಕದ್ದಲ್ಲ.

6. ಗ್ರಂಥಾಲಯದ ಮುಗಿದ ಕೈಯನ್ನು ಅಣಕಿಸಿದ ಕರುಪ್ಪುಸಾಮಿ ಅವರ ಮೇಲೆ ಕ್ರಮ ಕೋರಿ, ಈ ಸುತ್ತೋಲೆಯ ಪ್ರತಿಯನ್ನು, ಪ್ರಕರಣದ ಮೂಲ ದಾಖಲೆಯ ಸಮೇತ, ಲಭ್ಯವಿರುವ ಯಾರ ಕೈಯಲ್ಲಾದರೂ ವೆಳ್ಳಕೋಯಿಲ್‌ಗೆ ತಕ್ಷಣ ಮುದ್ದಾಂ ತಲುಪಿಸತಕ್ಕದ್ದು.

7. ಟ್ರಸ್ಟಿನ ನಿಯಮದಂತೆ ಸುತ್ತೋಲೆ ಕನ್ನಡದಲ್ಲಿದೆ. ಮನೆಯಲ್ಲಿ ಕನ್ನಡ ಆಡಿಯೂ ಅಕ್ಷರ ಓದಲು ಬಾರದವರು, ಗ್ರಂಥಪಾಲಕರೂ ಸೇರಿದಂತೆ, ಮಲ್ಲಿಗಾ ಅವರಿಂದ ಓದಿಸಿಕೊಂಡು ಸಹಿ ಹಾಕತಕ್ಕದ್ದು.

(ಓದಿಸಿಕೊಂಡು ಸಹಿ ಮಾಡಲಾಗಿದೆ)
ರಾಮಲಿಂಗಂ
ಗ್ರಂಥಪಾಲಕರು

ಪ್ರತಿಗಳು:
ಅ) ಟ್ರಸ್ಟಿನ ಕಾರ್ಯದರ್ಶಿಯವರಿಗೆ, ಹೃದಯ ಒತ್ತುವ ಸಲುವಾಗಿ.
ಆ) ಲಾಂಡ್ರಿಯವರಿಗೆ, ತುರ್ತು ಕ್ರಮಕ್ಕಾಗಿ.
ಇ) ಸೂಚನಾ ಫಲಕಕ್ಕೆ. ಶಾಲು ಬಂದ ಮೇಲೆ ಅಂಟಿಸುವುದು.
ಈ) ಮೇಲ್ವಿಚಾರಕರು, ನೇಯ್ಗೆ ಸಂಗ್ರಹಾಲಯ, ವೆಳ್ಳಕೋಯಿಲ್. ಲಗತ್ತು: ಕಲಂ 6ರಂತೆ ಮೂಲ ದಾಖಲೆ, ಅಂದರೆ ಭೂಮಿ ಅವರ ಪರಿಚಯ ಪತ್ರ, ಸಹಿ ಮತ್ತು ಮೊಹರು ಸಹಿತ, ಲಕೋಟೆ ಅಂಟಿಸಿದೆ. ಮುದ್ದಾಂ ಒಯ್ಯುವವರು: ಬೇರೆ ಯಾರೂ ಲಭ್ಯವಿಲ್ಲದ್ದರಿಂದ, ಸದರಿ ಭೂಮಿ. ಬೆಳಗಿನ ಬಸ್ಸಿಗೆ ಹೊರಟಾಯಿತು.

ಬೆರಳಚ್ಚು ಮತ್ತು ರವಾನೆ: ಮಲ್ಲಿಗಾ