ಕೊಸರು ಕೊಟ್ಟು ಕಟ್ಟಿದ ಮನೆಗಳು

ನನ್ನ ಸೋದರಮಾವನಿಗೆ ಬುದ್ಧಿಯಿಲ್ಲವೆಂದು ನಾನು ಹೇಳುವುದಿಲ್ಲ. ಅದನ್ನು ಹೇಳುವುದಕ್ಕೆ ಶಹಾಪುರದ ಪೇಟೆಯಲ್ಲಿ ಬೇಕಾದಷ್ಟು ಜನರಿದ್ದಾರೆ, ನಡುವೆ ನಾನ್ಯಾಕೆ ಬಾಯಿ ಹಾಕಲಿ? ನನ್ನ ತಕರಾರು ಒಂದೇ. ಸೀರೆ ಅಳೆದ ಗಜದಿಂದಲೇ ಮನೆ ಅಳೆಯುವ ಮನುಷ್ಯನನ್ನು ದೇವರು ಹುಡುಕಿ ಹುಡುಕಿ ನನ್ನ ತಾಯಿಗೇ ತಮ್ಮನಾಗಿ ಯಾಕೆ ಕೊಟ್ಟ?

ಮಾವನ ಅಂಗಡಿಗೆ ಊರೆಲ್ಲ ‘ದೊಡ್ಡ ದುಕಾನ’ ಎನ್ನುತ್ತಿತ್ತು. ನಿಜಾಮನ ಕಾಲದಲ್ಲಿ ಅವರಜ್ಜ ಕಟ್ಟಿಸಿದ ಕಲ್ಲಿನ ಕಟ್ಟಡ. ಪೇಟೆಯ ನಡುವೆ ಶುರುವಾಗಿ ಹಿಂದಿನ ಓಣಿಯವರೆಗೆ ಒಂದೇ ಉದ್ದನೆಯ ಹಜಾರ. ಮುಂದೆ ಸೀರೆ, ಅದರ ಹಿಂದೆ ಪಾತ್ರೆ, ಆಮೇಲೆ ಟ್ರಂಕು, ಕೊಡೆ, ಕಂದೀಲು, ಕಟ್ಟಕಡೆಗೆ ಗೋದಾಮು. ಹೆಣ್ಣು-ಗಂಡು ಎರಡನ್ನು ಬಿಟ್ಟು ಮದುವೆಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತಿತ್ತು! ಆಮೇಲೆ ಕಾಲುವೆ ಬಂತು. ಹೊಲಕ್ಕೆ ನೀರು ಬಂದರೆ ಅಂಗಡಿಗೆ ಗಿರಾಕಿ ಬರುತ್ತಾರೆಂದು ಮಾವ ಪೇಟೆಗೆಲ್ಲ ಪೇಢೆ ಹಂಚಿದರು. ನೀರು ಬಂತು, ಭತ್ತ ಬಂತು, ಜನರ ಕೈಯಲ್ಲಿ ರೊಕ್ಕವೂ ಬಂತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜನ ಬಸ್ಸು ಹತ್ತಿ ಗುಲಬರ್ಗಾಕ್ಕೆ ಹೋದರು.

ಕೂತು ಕೂತು ನೊಣ ಹೊಡೆಯಲೂ ಬೇಸರವಾದಾಗ ಮಾವನಿಗೆ ಒಂದು ವಿಚಾರ ಹೊಳೆಯಿತು. ಕಾಲುವೆ ಕಚೇರಿಗೆ, ಶಾಲೆಗಳಿಗೆ ವರ್ಗವಾಗಿ ಬಂದವರಿಗೆ ಊರಲ್ಲಿ ಮನೆ ಸಿಗುತ್ತಿರಲಿಲ್ಲ. ದುಕಾನ ಮುಚ್ಚಿ, ಒಳಗೆ ಅಡ್ಡಗೋಡೆ ಹಾಕಿ ಏಳು ಮನೆ ಮಾಡುವುದು. ಆರು ಬಾಡಿಗೆಗೆ, ಕೊನೆಯದು ತನಗೂ ನಮ್ಮತ್ತೆಗೂ. ಖರ್ಚಿಗೆಂದು ವಾಸದ ಮನೆಯನ್ನೇ ಮಾರಿಬಿಟ್ಟರು. ಅತ್ತೆ ಅತ್ತರು, ಬೈದರು, ಊಟ ಬಿಟ್ಟರು.

“ದುಕಾನ ಮಾರ್ರಿ. ಇರೂ ಮನಿ ಯಾಕ ಮಾರ್ತೀರಿ?”

“ದುಕಾನ ನಮ್ಮಜ್ಜಂದು. ಮನಿ ಬರೇ ನಂದು,” ಎಂದರು ಮಾವ. ಇದಕ್ಕೆ ಯಾರೇನು ಹೇಳಬೇಕು!

ಗೋಡೆ ಕಟ್ಟಲು ಬಂದ ಗೌಂಡಿ ಟೇಪು ತಂದಿದ್ದ. ಮಾವ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ತಮ್ಮ ಕಬ್ಬಿಣದ ಗಜ ಹಿಡಿದು, ಮೊಣಕಾಲೂರಿ ನೆಲ ಅಳೆದು, ಸುಣ್ಣದ ಗೆರೆ ಎಳೆದುಕೊಟ್ಟರು. ಒಂದೊಂದು ಮನೆ ಮುಗಿದಂತೆ ಬಾಡಿಗೆಯವರನ್ನು ಕರೆದರು. ಕಾಲುವೆ ಕಚೇರಿಯ ಗುಮಾಸ್ತರೊಬ್ಬರು ಹೆಂಡತಿಯೊಂದಿಗೆ ಬಂದು, “ಸಣ್ಣದೊಂದು ಇದ್ರ ಸಾಕ್ರಿ,” ಎಂದರು.

“ತಗೊಳ್ಳೂದು ಬಿಡೂದು ಆಮ್ಯಾಲಿ, ಮೊದಲ ನೋಡ್ರಿ!” ಎಂದು ಮಾವ ಅವರನ್ನು ಕೂರಿಸಿ, ಚಹಾ ತರಿಸಿ, ಮುಗಿದದ್ದು ಮುಗಿಯದ್ದು ಎನ್ನದೆ ಎಲ್ಲ ಮನೆ ತೋರಿಸಿದರು. “ಅಕ್ಕಾರ ಮೈಬಣ್ಣಕ್ಕ ಈ ಹಸರು ಗೋಡಿ ಭಾಳ ಒಪ್ಪತದ ನೋಡ್ರಿ.”

“ಮನಿ ಉಡಾಕ ಅಲ್ರಿ, ಇರಾಕ!” ಎಂದು ಆಕೆ ಸೆರಗು ಬಾಯಿಗೆ ಹಚ್ಚಿ ನಕ್ಕರು.

“ಬಣ್ಣ ಹೋದ್ರ ವಾಪಸ್ ತರ್ರಿ. ಬದಲಿ ಕೊಡ್ತೀನಿ!”

ಒಂದು ಭಾನುವಾರ ಅತ್ತೆ ಹೇಳಿಕಳಿಸಿದರೆಂದು, ಸುರಪುರದಲ್ಲಿ ಮಾಸ್ತರನಾಗಿದ್ದ ನಾನು ಓಡಿಬಂದೆ. ಗೌಂಡಿ ತಲೆಯ ಮೇಲೆ ಕೈಹೊತ್ತು ಕೂತಿದ್ದ.

“ಮಾಸ್ತರ್ರ, ಆರು ಮನಿಯಾಗ ಮಂದಿ ಬಂದು ಕುಂತಾರ. ಏಳನೇದ್ದಕ್ಕ ಜಾಗನೇ ಉಳಿದಿಲ್ರಿ! ನಿಮ್ಮ ಮಾಮಾ ಗಜ ಗಜಕ್ಕೂ ನಾಕು ಬೆರಳು ಕೊಸರು ಬಿಟ್ಟಾರ.”

ಅಳೆದಾದ ಮೇಲೆ, ಕತ್ತರಿ ಹಾಕುವ ಮುನ್ನ, ಬಟ್ಟೆಯನ್ನು ನಾಲ್ಕು ಬೆರಳು ಮುಂದೆ ಸರಿಸಿ ಗಿರಾಕಿಗೆ ಹೆಚ್ಚಿಗೆ ಕೊಡುವುದು ದೊಡ್ಡ ದುಕಾನದ ರೀತಿ. ಸೀರೆಗೆ ಸರಿ, ನೆಲಕ್ಕೂ ಕೊಸರೇ? ಸಾಲದ್ದಕ್ಕೆ ಕತ್ತರಿಗೆ ದಪ್ಪವಿಲ್ಲ, ಗೋಡೆಗೆ ಇದೆ ಎಂಬುದೂ ಮಾವನಿಗೆ ಹೊಳೆದಿರಲಿಲ್ಲ. ಕೊನೆಗೆ ಉಳಿದದ್ದು ಮನೆಯಲ್ಲ, ಒಂದು ಸಂದಿ. ಮಂಚ ಹಾಕಿದರೆ ಮನುಷ್ಯ ಹೊರಗೆ, ಮನುಷ್ಯ ಒಳಗಿದ್ದರೆ ಮಂಚ ಹೊರಗೆ! ಶಹಾಪುರದ ಗುಡ್ಡವೇ ಮಲಗಿದ ಬುದ್ಧನ ಆಕಾರದಲ್ಲಿ ಆರಾಮಾಗಿ ಮೈಚಾಚಿದೆ, ಇವರಿಗೆ ಮಾತ್ರ ಮಗ್ಗಲು ಬದಲಿಸಲು ಜಾಗವಿಲ್ಲ. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಚಚ್ಚಿಕೊಳ್ಳಲು ಗೋಡೆಗಳಿಗೇನೂ ಕೊರತೆಯಿರಲಿಲ್ಲ.

“ಮಾಮಾ, ಬಾಡಿಗಿಯವರಿಗೆ ಹೇಳಿ ಗೋಡಿ ಹಿಂದಕ ಸರಿಸೂಣು.”

“ಕೊಟ್ಟ ಕೊಸರು ತಿರುಗಿ ಕೇಳೂದೇನ? ನಮ್ಮ ದುಕಾನದಾಗ ಅಂಥಾದ್ದು ನಡದಿಲ್ಲ.”

“ದುಕಾನ ಎಲ್ಲ್ಯದ ಮಾಮಾ?”

ಮಾವ ಸುತ್ತ ನೋಡಿದರು. ಎಲ್ಲ ಕಡೆಯೂ ಗೋಡೆ. ಅಂಗಡಿ ಹೋಯಿತೆಂಬುದು ಅವರಿಗೆ ಆಗಲೇ ತಿಳಿದದ್ದೋ ಏನೋ, ಗಜವನ್ನು ಕೆಳಗಿಟ್ಟು ಕುಸಿದು ಕೂತರು.

“ನಾಳಿಯಿಂದ ನಾ ಎಲ್ಲಿ ಕೂಡ್ಲಿ, ಅಳಿಯಾ?” ಎಂದರು. ಮಾರಿದ ಮನೆಯನ್ನು ಮರುದಿನ ಬೆಳಿಗ್ಗೆಯೇ ಬಿಟ್ಟುಕೊಡಬೇಕಿತ್ತು.

ಅಷ್ಟರಲ್ಲಿ ಅತ್ತೆ ಬಂದರು, ಕಂಕುಳಲ್ಲಿ ಜಮಖಾನೆ. ಇನ್ನು ಮಾವನ ಗತಿ ಮುಗಿಯಿತೆಂದು ನಾನೂ ಗೌಂಡಿಯೂ ಬದಿಗೆ ಸರಿದೆವು. ಅತ್ತೆ ಆ ಸಂದಿಯಲ್ಲಿ ಜಮಖಾನೆ ಹಾಸಿ, ಒಂದು ಗೋಡೆಗೆ ಒತ್ತಿಕೊಂಡು ಮಲಗಿದರು.

“ಬರ್ರಿ. ಅಡ್ಡಾಗ್ರಿ.”

ಮಾವ ಹೆದರುತ್ತ ಮಲಗಿದರು. ಭುಜಕ್ಕೆ ಭುಜ ತಾಗಿತು, ಆಚೆಯ ಭುಜಕ್ಕೆ ಗೋಡೆ.

“ಲಗ್ನ ಆದಾಗಿಂದ ನೀವು ದುಕಾನದಾಗ, ನಾ ಮನ್ಯಾಗ,” ಎಂದರು ಅತ್ತೆ, ಸೂರು ನೋಡುತ್ತ. “ಒಂದು ಮಾತು ಹೇಳಾಕ ಬಂದ್ರ, ‘ತಡಿ, ಗಿರಾಕಿ ಅದಾರ’ ಅಂತಿದ್ರಿ. ಈಗ ನೋಡ್ರಿ, ಮೂರನೇದವರು ಬರಾಕ ಜಾಗನೇ ಇಲ್ಲ.”

ಮಾವ ಬಿಕ್ಕಿ ಬಿಕ್ಕಿ ಅತ್ತರು. ದುಕಾನ ಮುಚ್ಚಿದ ದಿನವೂ ಅವರು ಅತ್ತಿರಲಿಲ್ಲ.

“ಇಷ್ಟರಾಗ ನಿನಗ ಆಗತದೇನ?”

“ಬರೋಬ್ಬರಿ ಆಗತದ,” ಎಂದು ಅತ್ತೆ ಅವರ ಕಡೆ ಹೊರಳಿದರು.

ನಾವು ಹೊರಗೆ ಬಂದೆವು. ಬಾಗಿಲು ಇನ್ನೂ ಕೂರಿಸಿರಲಿಲ್ಲ. ಗೌಂಡಿ ತಲೆಯ ರುಮಾಲು ಬಿಚ್ಚಿ ಚೌಕಟ್ಟಿಗೆ ಅಡ್ಡ ಕಟ್ಟಿದ.