ನನ್ನ ದೊಡ್ಡ ಕರುಳಿನ ಕಾವಲು ಪಡೆಗೆ ಅರ್ಧ ದಿನದ ರಜೆಯ ಬಿನ್ನಹ

ನನ್ನ ಕರುಳಿನ ಗೋಡೆಗುಂಟ ಕಣ್ಣು ಮುಚ್ಚದೆ ಕಾವಲಿರುವ ರೋಗನಿರೋಧಕ ಪಡೆಯ ಸಮಸ್ತ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಡ್ಯಾನ್ಯೂಬ್ ದಂಡೆಯ ಲೋಮ್ ಪಟ್ಟಣದ ಬಂದರಿನಲ್ಲಿ ಮೂವತ್ತೊಂದು ವರ್ಷ ಸುಂಕದ ತಪಾಸಣೆ ಮಾಡಿ ನಿವೃತ್ತನಾದ ಝಹಾರಿ ವೆಲ್ಕೋವ್ ಎಂಬ ನಾನು, ತಮ್ಮ ಮಾಲೀಕನೆಂಬ ಗತ್ತಿನಿಂದಲ್ಲ, ಒಂದೇ ಕಸುಬಿನವನೆಂಬ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ವಿಚಾರಿಸುವುದು ವಾಡಿಕೆ. ತಾವು ಹುರುಪಿನಿಂದಿರುವ ಸಂಗತಿ ನನಗೆ ದಿನಕ್ಕೆ ಹನ್ನೆರಡು ಸಲ ತಿಳಿಯುತ್ತಿದೆ.

ತಮ್ಮ ಹಳೆಯ ಸೇವೆಯನ್ನು ನೆನೆದರೆ ಕಣ್ಣು ತುಂಬುತ್ತದೆ. ಅರವತ್ತು ವರ್ಷ ನನ್ನೊಳಗೆ ಬೀಡುಬಿಟ್ಟ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳನ್ನು ನೆರೆಹೊರೆಯವರಂತೆ ಕಂಡು, ಕುರಿಹಾಲಿನ ಮೊಸರನ್ನೂ ಮದುವೆಮನೆಯ ಹಂದಿಮಾಂಸವನ್ನೂ ತಕರಾರಿಲ್ಲದೆ ಒಳಬಿಟ್ಟು, ನಿಜವಾದ ಕಳ್ಳ ನುಗ್ಗಿದಾಗ ಮಾತ್ರ ಲಾಠಿ ಎತ್ತಿ, ಅವನು ತೊಲಗಿದೊಡನೆ ಕೆಳಗಿಟ್ಟವರು ತಾವು. ಬಂದರಿನಲ್ಲಿ ನಾನೂ ಹಾಗೇ ಇರಲು ನೋಡಿದೆ, ಅಷ್ಟು ಚೆನ್ನಾಗಿ ಬರಲಿಲ್ಲ.

ಕಳೆದ ವರ್ಷ ಮಾತ್ರ ಕಳ್ಳನೇ ಇಲ್ಲದೆ ತಾವು ಲಾಠಿ ಬೀಸತೊಡಗಿದಿರಿ, ಏಟು ಬಿದ್ದದ್ದು ನನ್ನ ಗೋಡೆಗೆ. ವೈದ್ಯೆ ಬಕಾಲೋವಾ ಕರುಳಿನೊಳಗೆ ದುರ್ಬೀನಿನ ಕೊಳವೆ ತೂರಿಸಿ ನೋಡಿ, "ಒಳಗೆ ಶತ್ರು ಯಾರೂ ಇಲ್ಲ. ಸಾಕು ನಿಲ್ಸಿ ಅಂತ ಹೇಳೋ ಜೀವಕೋಶಗಳೂ ಇವೆ, ಉಳಿದವು ಅವುಗಳ ಮಾತು ಕೇಳ್ತಿಲ್ಲ ಅಷ್ಟೆ. ಆರಾಮಾಯ್ತು ಅಂತ ಮಾತ್ರೆ ಬಿಡಬೇಡಿ" ಎಂದರು. ಮಾತ್ರೆ ನುಂಗಿದೆ, ತಾವೂ ದೊಡ್ಡ ಮನಸ್ಸು ಮಾಡಿ ತಣ್ಣಗಾದಿರಿ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಚಳಿಗಾಲಕ್ಕೆಂದು ಪೀಪಾಯಿಯಲ್ಲಿ ಹಾಕಿಟ್ಟ ಎಲೆಕೋಸು ಹುಳಿ ಬಂದಿತ್ತು. ಅದರ ನೀರಿಗೆ ಜಗ್ಗದ ಕಾಯಿಲೆಯಿಲ್ಲ ಎಂಬುದು ನಮ್ಮ ಊರಿನ ನಂಬಿಕೆ. ಅತ್ತೆ ತ್ಸೋಂಕಾ ಲೋಟ ಕೈಗಿಟ್ಟು, "ಆ ಗುಳಿಗೆ ನುಂಗಿ ನುಂಗಿ ಮುಖ ಬಿಳಿಚ್ಕೊಂಡಿದೆ, ಅಳಿಯಂದ್ರೇ. ಇದನ್ನ ಕುಡೀರಿ, ನಮ್ಮ ಯಜಮಾನ್ರು ಇದ್ರಲ್ಲೇ ತೊಂಬತ್ತು ದಾಟಿದ್ರು" ಎಂದರು. ಅವರ ಯಜಮಾನರಿಗೆ ಕರುಳಿನ ಕಾಯಿಲೆ ಇರಲೇ ಇಲ್ಲ ಎಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾತ್ರೆ ಬಿಟ್ಟು ಮೂರು ವಾರ ಕೋಸಿನ ನೀರು ಕುಡಿದೆ. ನಾಲ್ಕನೆಯ ವಾರ ರಕ್ತ ಕಂಡಿತು. ಈಗ ಮತ್ತೆ ಮಾತ್ರೆಗೆ ಮರಳಿದ್ದೇನೆ, ತಾವಿನ್ನೂ ಶಾಂತಿಗೆ ಮರಳಿಲ್ಲ.

ನನ್ನ ಮೊಮ್ಮಗಳು ರಾದಾ ಮೊದಲ ಹೆಜ್ಜೆ ಇಟ್ಟಿದ್ದಾಳೆ. ಬರುವ ಭಾನುವಾರ ಅದರ ಸಂಭ್ರಮ. ಮಗುವಿನ ಕಾಲು ಚುರುಕಾಗಲೆಂದು ಬಂದವರೆಲ್ಲ ದುಂಡು ರೊಟ್ಟಿ ಮುರಿದು, ಜೇನು ಹಚ್ಚಿ, ಓಡಾಡುತ್ತ ತಿನ್ನುವುದು ನಮ್ಮ ಪದ್ಧತಿ. ಓಡುವುದನ್ನು ತಾವು ಚೆನ್ನಾಗಿಯೇ ಕಲಿಸಿದ್ದೀರಿ, ತಿನ್ನಲಷ್ಟೇ ತಮ್ಮ ಅಪ್ಪಣೆ ಬೇಕು. ಆದ್ದರಿಂದ ಅಂದು ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಪಡೆಯವರೆಲ್ಲ ಸಾಮೂಹಿಕ ರಜೆ ಹಾಕಬೇಕೆಂದೂ, ಆ ಒಂದು ತುಂಡು ರೊಟ್ಟಿಯನ್ನು ನನ್ನ ಹತ್ತಿರದ ಬಂಧುವೆಂದು ಭಾವಿಸಿ ಗೌರವದಿಂದ ದಾಟಿಸಬೇಕೆಂದೂ ಕೋರುತ್ತೇನೆ. ನಿಜ ಹೇಳುತ್ತೇನೆ, ನನಗೆ ಭಯವಾಗಿದೆ. ಆ ಮಗು ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನಡೆದು ಬರುವಾಗ ನಾನು ಕಕ್ಕಸಿನ ಬಾಗಿಲು ಹಾಕಿಕೊಂಡು ಕೂತಿರಬಾರದು.

ತಮ್ಮನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ,
ತಮ್ಮ ವಿಶ್ವಾಸಿ,
ಝಹಾರಿ ವೆಲ್ಕೋವ್

ಮರೆತ ಮಾತು: ತಾವು ಈ ತಿಂಗಳೊಳಗೆ ಶಾಂತರಾಗದಿದ್ದರೆ ದೊಡ್ಡ ಕರುಳನ್ನು ಪೂರ್ತಿಯಾಗಿ ತೆಗೆಸಿಬಿಡೋಣ ಎಂದು ವೈದ್ಯೆ ಹೇಳಿದ್ದಾರೆ. ಆಮೇಲೆ ನಾನು ಹೊಟ್ಟೆಯ ಪಕ್ಕಕ್ಕೊಂದು ಮಲದ ಚೀಲ ಕಟ್ಟಿಕೊಂಡಾದರೂ ಮೊಮ್ಮಗಳ ಹಿಂದೆ ಓಡುತ್ತೇನೆ. ತಾವು ಮಾತ್ರ, ಕಾಯುತ್ತಿರುವ ಗೋಡೆಯ ಸಮೇತ, ಆಸ್ಪತ್ರೆಯ ಬಕೆಟ್ಟಿನಲ್ಲಿರುತ್ತೀರಿ.